ಮಾರ್ಕರ್‌ಗಿಂತ ಮೊದಲು ಹುಣಸೆ ಬೀಜ

ಎಲ್ಲರಿಗೂ ನಮಸ್ಕಾರ. ಈಗ ಕೊಪ್ಪಳದ ಪೇಟೆಯಲ್ಲಿದ್ದೇನೆ. ನಾಳಿದ್ದು ಹತ್ತಿರದ ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದವರ ಜೊತೆ ಕುಡಿಯುವ ನೀರಿನ ಬಗ್ಗೆ ಕಾರ್ಯಾಗಾರ ಇದೆ. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ನಿಮಗೆ ಗೊತ್ತೇ ಇದೆ. ಚೀಲದಲ್ಲಿ ಏನೇನಿದೆ ನೋಡಿ: ಹುಣಸೆ ಬೀಜ, ಕಡಲೆ, ಜೋಳ, ರಂಗೋಲಿ ಪುಡಿ, ಒಂದು ಉಂಡೆ ಸುತಳಿ. "ಯಾವ ಪೂಜಿರೀ ಅಕ್ಕಾ?" ಅಂತ ಕೇಳಿದರು ಕಿರಾಣಿ ಅಂಗಡಿ ಅಣ್ಣ.

ಗುಂಪಿನ ಮುಂದೆ ಮಾರ್ಕರ್ ಇಟ್ಟರೆ ಏನಾಗುತ್ತೆ? ಬರೆಯಲು ಬರುವ ಒಬ್ಬಿಬ್ಬರು ಚಾರ್ಟ್ ಹತ್ತಿರ ಬರುತ್ತಾರೆ. ಉಳಿದವರು ಗೋಡೆಗೆ ಒರಗಿ ಕೂರುತ್ತಾರೆ. ಕೊನೆಗೆ ಚಾರ್ಟ್ ತುಂಬ ಆ ಇಬ್ಬರ ಮಾತೇ. ಬೀಜಕ್ಕೆ ಅಕ್ಷರ ಬೇಡ. ನಲ್ಲಿ, ಬೋರ್‌ವೆಲ್, ಶುದ್ಧ ನೀರಿನ ಘಟಕ, ಇವುಗಳ ಚಿತ್ರ ನೆಲದ ಮೇಲೆ ಇಡುತ್ತೇವೆ. ಒಬ್ಬೊಬ್ಬರಿಗೆ ಹತ್ತು ಹುಣಸೆ ಬೀಜ. ಎಲ್ಲಿ ತೊಂದರೆ ಜಾಸ್ತಿಯೋ ಅಲ್ಲಿ ಜಾಸ್ತಿ ಬೀಜ. ಮನಸ್ಸು ಬದಲಾಯ್ತಾ, ಎತ್ತಿ ಬೇರೆ ಕಡೆ ಇಡಿ, ಅಷ್ಟೇ. ತಾಂಡಾದಿಂದ ಬಂದ ಲಂಬಾಣಿ ಅಜ್ಜಿಗೂ ಉರ್ದು ಮಾತಾಡುವ ಅಕ್ಕನಿಗೂ ಇದು ಒಂದೇ.

ಇದು ಹೊಸದಲ್ಲ. ಊರಿನವರೇ ಕೂಡಿ ತಮ್ಮೂರಿನ ಸ್ಥಿತಿಗತಿ ಅರಿಯುವ, ಪಿಆರ್‌ಎ ಅನ್ನುವ ಈ ಪದ್ಧತಿಯನ್ನು ಮೈರಾಡದಂಥ ಗ್ರಾಮೀಣಾಭಿವೃದ್ಧಿ ಸಂಸ್ಥೆಗಳು 1980ರ ದಶಕದ ಕೊನೆಯಿಂದಲೇ ಕರ್ನಾಟಕದ ಹಳ್ಳಿಗಳಲ್ಲಿ ಬಳಸಿವೆ. ನೆಲದ ಮೇಲೆ ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸುವುದೂ ಅದರದ್ದೇ.

ಆದರೆ ರಂಗೋಲಿ ಗೆರೆ ಕಣ್ಣು ಕಾಣದವರ ಬೆರಳಿಗೆ ಸಿಗಲ್ಲ, ಮುಟ್ಟಿದರೆ ಅಳಿಸಿಹೋಗುತ್ತೆ. ಸುತಳಿ ಅದಕ್ಕೇ. ದಾರಿಯ ಗೆರೆ ಮೇಲೆ ಸುತಳಿ ಹಾಸಿದರೆ ಬೆರಳು ಅದರ ಗುಂಟ ಬಸ್ ಸ್ಟ್ಯಾಂಡಿನಿಂದ ನಲ್ಲಿವರೆಗೂ ಹೋಗುತ್ತೆ. ಮನೆಗಳಿಗೆ ಜೋಳದ ಕಾಳು, ನಲ್ಲಿಗೆ ಕಡಲೆ. ಮುಟ್ಟಿದರೆ ಸಾಕು, ಯಾವುದು ಏನು ಅಂತ ತಿಳಿಯುತ್ತೆ. ಬಣ್ಣದ ಸ್ಟಿಕರ್‌ನಲ್ಲಿ ಈ ಗುಣ ಇಲ್ಲ. ಅದಕ್ಕೇ ನಾನು ಅದನ್ನು ಕೊಳ್ಳುವುದೇ ಇಲ್ಲ.

ಚಾರ್ಟ್ ಪೇಪರ್ ಒಂದೆರಡು ಇರಲಿ. ಆದರೆ ಕಪ್ಪು ಇಲ್ಲವೇ ನೀಲಿ ಮಾರ್ಕರ್, ಅದೂ ದಪ್ಪ ತುದಿಯದ್ದು. ಕನ್ನಡ ಬರೆಯುವಾಗ ಸಾಲಿನ ಕೆಳಗೆ ಜಾಗ ಬಿಡಿ. ಒತ್ತಕ್ಷರ ಸಣ್ಣದಾದರೆ ಹಿಂದೆ ಕೂತವರಿಗೆ ಬರೀ ಚುಕ್ಕೆ.

ಸಂಘದಲ್ಲಿ ಕಿವಿ ಕೇಳದ ಒಬ್ಬ ತಂಗಿ ಇದ್ದಾಳೆ. ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಕೇಂದ್ರದ ನಿಘಂಟು ವಿಡಿಯೋಗಳಲ್ಲೇ ಇದೆ. 2021ರ ಹೊತ್ತಿಗೇ ಅದರಲ್ಲಿ 10,000 ಪದಗಳಿದ್ದವು. ನೀರಿಗೆ ಸಂಬಂಧಿಸಿದ ಸಂಜ್ಞೆ ಕಲಿಯುತ್ತಿದ್ದೇನೆ. ಆದರೆ ಮನೆಯಲ್ಲಿ ಅವಳು ಬಳಸುವ ಕೈಸನ್ನೆ ಬೇರೆಯೇ ಇರಬಹುದು. ಅದನ್ನು ಅವಳ ಅಮ್ಮನನ್ನೇ ಕೇಳಬೇಕು.

ಇನ್ನು ಜಾಗ. ಗುಡಿಯ ಮಂಟಪ ತಂಪಾಗಿರುತ್ತೆ, ಪುಕ್ಕಟೆ ಕೂಡ. ಆದರೂ ಬೇಡ. 2021ರಲ್ಲಿ ಇದೇ ಜಿಲ್ಲೆಯ ಮಿಯಾಪುರದಲ್ಲಿ ದಲಿತರ ಪುಟ್ಟ ಮಗು ಗುಡಿಯೊಳಗೆ ಹೋಯಿತು ಅಂತ ದಂಡ ಕೇಳಿದ್ದರು. ಅಂಥ ಕಡೆ ಕರೆದರೆ ಕೆಲವರು ಬರುವುದೇ ಇಲ್ಲ, ಬಂದರೂ ಬಾಯಿ ಬಿಡಲ್ಲ. ಅದಕ್ಕೆ ಶಾಲೆಯ ಕೋಣೆ ಕೇಳಿದ್ದೇವೆ. ಬಾಗಿಲಿಗೆ ಇಳಿಜಾರು ಇದೆ ಅಂದರು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇದ್ದರೆ ಗಾಲಿಕುರ್ಚಿ ಆರಾಮಾಗಿ ಹತ್ತುತ್ತೆ. ಈಗ ಟೇಪ್ ಹಿಡಿದು ಅಳೆಯೋಕೆ ಅಲ್ಲಿಗೇ ಹೊರಟಿದ್ದೇನೆ, ಬನ್ನಿ.