ಮೊದಲು ನೀರು, ಆಮೇಲೆ ಕತ್ತರಿ

ಕೇಳುಗರಿಗೆಲ್ಲ ನಮಸ್ಕಾರ. ಯುಗಾದಿ ಹತ್ತಿರ ಬಂತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಲೇಸ್ ಬಟ್ಟೆ ಕೊಳ್ಳುವವರ ಓಡಾಟವೂ ಶುರುವಾಗಿದೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಸುಡುಬಿಸಿಲು ಇರುವ ನಮ್ಮ ಮಲೆನಾಡಿನ ಈ ದಿನಗಳಿಗೆ ಗಾಳಿಯಾಡುವ ಲೇಸ್ ಫ್ರಾಕ್ ಬಹಳ ಹಿತ. ಅದನ್ನು ಮನೆಯಲ್ಲೇ ಹೊಲಿಯುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು, ಪಕ್ಕದಲ್ಲಿ ರೇಡಿಯೋ ಹಾಕಿಕೊಂಡು ಹೊಲಿಯುತ್ತಿರುವ ಅಕ್ಕತಂಗಿಯರೇ, ಈ ಮಾತು ನಿಮಗೆ.

ಬೇರೆಲ್ಲ ಮರೆತರೂ ಒಂದನ್ನು ಮರೆಯಬೇಡಿ. ಮೊದಲು ನೀರು, ಆಮೇಲೆ ಕತ್ತರಿ. ಲೇಸನ್ನೂ ತೊಳೆಯಬೇಕು, ಲೈನಿಂಗನ್ನೂ ತೊಳೆಯಬೇಕು. ಒಣಗಿ ಇಸ್ತ್ರಿ ಆದ ಮೇಲೆಯೇ ಚಾಕ್ ಹಿಡಿದು ಗುರುತು ಹಾಕಬೇಕು.

ಯಾಕೆ ಅಂದರೆ, ಹತ್ತಿ ನೂಲನ್ನು ಮಗ್ಗದಲ್ಲಿ ಬಿಗಿಯಾಗಿ ಎಳೆದು ನೇಯುತ್ತಾರೆ. ಗಂಜಿ ಹಾಕಿ, ಒತ್ತಿ, ಎಳೆದದ್ದು ಎಳೆದ ಹಾಗೇ ಅಂಗಡಿಗೆ ಬರುತ್ತದೆ. ಮೊದಲ ಸಲ ನೀರಿಗೆ ಬಿದ್ದಾಗ ಗಂಜಿ ಬಿಡುತ್ತದೆ, ನೂಲು ಸಡಿಲಾಗಿ ಒಳಕ್ಕೆ ಸರಿಯುತ್ತದೆ. ನೂರಕ್ಕೆ 3ರಿಂದ 5 ಭಾಗ ಕುಗ್ಗುವುದು ತೀರಾ ಸಾಮಾನ್ಯ. 40 ಇಂಚಿನ ಫ್ರಾಕಿನಲ್ಲಿ ಅದು ಎರಡು ಇಂಚಿನವರೆಗೂ ಹೋಗಬಹುದು. ಇನ್ನು ನೈಲಾನ್, ಪಾಲಿಯೆಸ್ಟರ್ ಲೇಸ್ ನೀರಿಗೆ ಕುಗ್ಗುವುದೇ ಇಲ್ಲ ಅನ್ನಬಹುದು. ಕೆಳಗಿನ ಹತ್ತಿ ಲೈನಿಂಗ್ ಕುಗ್ಗುತ್ತದೆ, ಮೇಲಿನ ಲೇಸ್ ಜೋತು ಬೀಳುತ್ತದೆ. ಆಗ ಹೊಲಿಗೆ ಬಿಚ್ಚದೆ ಯಾವ ಟೈಲರೂ ಏನೂ ಮಾಡಲಾಗದು.

ನಿಮ್ಮ ಕೈಯಲ್ಲಿರುವುದು ಯಾವ ಲೇಸ್ ಅಂತ ತಿಳಿಯಬೇಕಾ? ಅಂಚಿನಿಂದ ಒಂದೆಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉದುರಿದರೆ ಹತ್ತಿ. ಮುದುರಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಹತ್ತಿ ಅಲ್ಲ.

ನನ್ನ ಹೊಲಿಗೆ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗಿಯ ಕತೆ ಹೇಳಲೇಬೇಕು. ತೀರ್ಥಹಳ್ಳಿ ಕಡೆಯವಳು, ಒಳ್ಳೆಯ ಕೈ. ಅವಳ ಅಜ್ಜಿ ವಯಸ್ಸಿನಲ್ಲಿ ಕೊಕ್ಕೆ ಕಡ್ಡಿಯಿಂದ ಹೆಣೆದಿಟ್ಟಿದ್ದ ಕ್ರೋಶಾ ಲೇಸ್ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. 20ನೇ ನಂಬರಿನ ಬಿಳಿ ನೂಲು, ಅನಾನಸ್ ಡಿಸೈನ್, ಒಂದು ಮಂಚದ ಹೊದಿಕೆಯ ಸುತ್ತಲಿನ ಅಂಚು. ಹೊದಿಕೆ ಹರಿದುಹೋಗಿತ್ತು, ಲೇಸಿನಲ್ಲಿ ಒಂದು ಕಣ್ಣೂ ಬಿಟ್ಟಿರಲಿಲ್ಲ. ಅದನ್ನು ಸಾಲುಸಾಲಾಗಿ ಜೋಡಿಸಿ ಮಗಳಿಗೆ ಯುಗಾದಿ ಫ್ರಾಕ್ ಹೊಲಿಯಬೇಕು ಅಂತ ಆಸೆಪಟ್ಟಳು. ಅಂಗಡಿಯಿಂದ ಹೊಸ ಪಾಪ್ಲಿನ್ ತಂದಳು. ಅವತ್ತೇ ಕತ್ತರಿಸಿ, ಅವತ್ತೇ ಲೇಸ್ ಕೂರಿಸಿದಳು. ಹಬ್ಬದ ದಿನ ಮಗು ಎಷ್ಟು ಚೆಂದ ಕಾಣುತ್ತಿತ್ತಂತೆ! ಹೋಳಿಗೆ ತುಪ್ಪ ಚೆಲ್ಲಿಕೊಂಡಿತು. ಫ್ರಾಕ್ ಒಗೆದರು. ಒಣಗಿದ ಮೇಲೆ ನೋಡಿದರೆ ಪಾಪ್ಲಿನ್ ಮೇಲಕ್ಕೆ ಹೋಗಿದೆ, ಲೇಸ್ ಸಾಲುಗಳೆಲ್ಲ ಉಬ್ಬಿ ನಿಂತಿವೆ, ಕಂಕುಳ ಹತ್ತಿರ ಹೊಲಿಗೆ ಜಗ್ಗುತ್ತಿದೆ.

ಅಳುತ್ತಾ ತಂದಳು. ಜೊತೆಗೆ ಅಜ್ಜಿಯೂ ಬಂದರು. ಅಜ್ಜಿ ಫ್ರಾಕನ್ನು ಬೆಳಕಿಗೆ ಹಿಡಿದು ನೋಡಿ, "ಅಲ್ವೇ ಮಾರಾಯ್ತಿ, ನಾನು ನೂಲನ್ನೇ ಒಗೆದು ಒಣಗಿಸಿ ಆಮೇಲೆ ಹೆಣೆಯೋಕೆ ಕೂರ್ತಿದ್ದೆ. ನೀನು ಬಟ್ಟೇನೂ ಒಗೀಲಿಲ್ವಾ?" ಅಂದರು. ಅಲ್ಲೇ ಇತ್ತು ನೋಡಿ ಎಲ್ಲವೂ. ಅಜ್ಜಿಯ ಲೇಸ್ ಎಷ್ಟೋ ವರ್ಷ ನೀರು ಕಂಡಿತ್ತು, ಅದರ ಕುಗ್ಗುವಿಕೆ ಮುಗಿದಿತ್ತು. ಹೊಸ ಪಾಪ್ಲಿನ್ ಇನ್ನೂ ಕುಗ್ಗಬೇಕಿತ್ತು. ಕೂತು ಹೊಲಿಗೆ ಬಿಚ್ಚಿದೆವು. ಮಲ್ ಅನ್ನುವ ತೆಳು ಹತ್ತಿ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಒಣಗಿಸಿ, ಹೊಸ ಲೈನಿಂಗ್ ಕತ್ತರಿಸಿದೆವು. ಲೇಸ್ ಒಂಚೂರೂ ಹಾಳಾಗಿರಲಿಲ್ಲ. ಕೈಯಲ್ಲಿ ಹೆಣೆದದ್ದರ ಗಟ್ಟಿತನ ಅದು! ಆ ಫ್ರಾಕನ್ನು ಆಮೇಲೆ ಅವಳ ತಂಗಿಯ ಮಗಳೂ ಹಾಕಿಕೊಂಡಳು.

ಅಂಥ ಲೇಸ್ ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು, ಹುಡುಕಿ. ಇಲ್ಲದಿದ್ದರೆ ಆಂಧ್ರದ ನರಸಾಪುರದ ಕ್ರೋಶಾ ಕೇಳಿ ಕೊಳ್ಳಿ. ಗೋದಾವರಿ ಸೀಮೆಯ ಹೆಂಗಸರು ಮನೆಯಲ್ಲಿ ಕೂತು ಕೈಯಲ್ಲೇ ಹೆಣೆಯುತ್ತಾರೆ. 2024ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ನಿಜವಾದ ಕ್ರೋಶಾವನ್ನು ಮೆಷಿನ್ ಇವತ್ತಿಗೂ ಹೆಣೆಯುವುದಿಲ್ಲ. ಹಾಗೆ ಕಾಣುವ ಮೆಷಿನ್ ಲೇಸ್ ಬೇರೆ, ಇದು ಬೇರೆ. ಬೆಲೆ ಜಾಸ್ತಿ ಅಂತ ದಯವಿಟ್ಟು ಗೊಣಗಬೇಡಿ. ಒಂದೊಂದು ಕೊಂಡಿಯನ್ನೂ ಯಾರೋ ಕಡ್ಡಿಯಲ್ಲಿ ಎಳೆದಿದ್ದಾರೆ.

ತೊಳೆಯುವುದು ಸುಲಭ. ಬಕೆಟ್ ನೀರಿಗೆ ಸ್ವಲ್ಪ ಶಾಂಪೂ ಹಾಕಿ ಲೇಸ್ ಅದ್ದಿಡಿ. ಹಿಂಡಬೇಡಿ. ಟವೆಲಿನ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ ಒತ್ತಿ. ಆಮೇಲೆ ಚಾಪೆ ಮೇಲೆ ಹಳೇ ಪಂಚೆ ಹಾಸಿ, ನೆರಳಲ್ಲಿ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಲೇಸ್ ಉದ್ದವಾಗುತ್ತದೆ.

ಬಿಳಿ ಬೇಡ, ಬಣ್ಣ ಬೇಕು ಅನ್ನುವವರಿಗೆ ನಮ್ಮ ಮನೆಗಳಲ್ಲೇ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಇದೆ. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರು ಇಂಥ ಸಹಜ ಬಣ್ಣಗಳಲ್ಲೇ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಚೊಗರನ್ನು ನೀರಿನಲ್ಲಿ ಚೆನ್ನಾಗಿ ತೆಳು ಮಾಡಿ, ಹತ್ತಿ ಲೇಸನ್ನು ಅದ್ದಿದರೆ ತಿಳಿ ಕೆಂಗಂದು ಬಣ್ಣ ಬರುತ್ತದೆ. ಮೊದಲು ಒಂದು ಚೂರಿನಲ್ಲಿ ನೋಡಿ. ಇದನ್ನೂ ಕತ್ತರಿಸುವ ಮೊದಲೇ ಮಾಡಬೇಕು. ಚೊಗರೂ ನೀರೇ ತಾನೇ?

ಸಮಯ ಕಡಿಮೆ ಉಳಿದಿದೆ, ಹೊಲಿಯುವ ವಿಷಯ ಬೇಗ ಹೇಳುತ್ತೇನೆ. ದೊಡ್ಡವರ ಫ್ರಾಕಿಗೆ 44 ಇಂಚು ಅಗಲದ ಲೇಸ್ ಬಟ್ಟೆ ಎರಡೂವರೆಯಿಂದ ಮೂರು ಮೀಟರ್ ಸಾಕು. ಲೇಸಿನ ಅಂಚು ಹೂವಿನ ದಳದ ಹಾಗೆ ಇದ್ದರೆ ಅದನ್ನೇ ಫ್ರಾಕಿನ ಕೆಳಗಂಚು ಮಾಡಿ, ಮಡಿಚಿ ಹೊಲಿಯುವ ಕೆಲಸವೇ ಇರುವುದಿಲ್ಲ. ಲೇಸನ್ನು ಲೈನಿಂಗಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ ಕೂರಿಸಿ, ಪಿನ್ನನ್ನು ನಂಬಬೇಡಿ, ತೂತುಗಳಲ್ಲಿ ಜಾರಿ ಬೀಳುತ್ತದೆ. ಮೆಷಿನ್ನಿಗೆ 11ನೇ ನಂಬರಿನ ಹೊಸ ಸೂಜಿ ಹಾಕಿ. ಮೆಷಿನ್ನಿನ ಹಲ್ಲು ಲೇಸನ್ನು ಕಚ್ಚಿ ಎಳೆಯುತ್ತದಲ್ವಾ? ಅಡಿಗೆ ತೆಳು ಬಿಳಿ ಕಾಗದ ಇಟ್ಟು ಹೊಲಿಯಿರಿ, ಆಮೇಲೆ ಹರಿದು ತೆಗೆಯಿರಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಕುತ್ತಿಗೆಗೆ ಲೈನಿಂಗ್ ಬಟ್ಟೆಯದೇ ಓರೆ ಪಟ್ಟಿ ಕೊಡಿ. ಲೇಸಿಗೆ ಲೇಸ್ ಜೋಡಿಸುವ ಕಡೆ ಮೆಷಿನ್ ಬಿಟ್ಟು ಕೈಯಲ್ಲಿ ಹೊಲಿಯಿರಿ, ಜೋಡಣೆ ಕಾಣುವುದೇ ಇಲ್ಲ.

ಇಸ್ತ್ರಿಯನ್ನು ಒಳಮೈ ಕಡೆಯಿಂದ, ಮೇಲೊಂದು ಬಟ್ಟೆ ಹಾಸಿ ಒತ್ತಿ. ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಫ್ರಾಕಿನ ಗಂಜಿ ಪೂರ್ತಿ ತೊಳೆದು, ಗರಿಗರಿ ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಗಂಜಿ ಉಳಿದರೆ ನಮ್ಮ ಕಡೆಯ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ. ನಮಸ್ಕಾರ.