ಅಪ್ಪನ ಲ್ಯಾಪ್‌ಟಾಪ್ ಮತ್ತು ಪುನರ್ವಸು ಮಳೆ

ನಮಸ್ಕಾರ. ಈಗ ಕಾಣುತ್ತಿರುವುದು ನಮ್ಮ ಮನೆಯ ಅಂಗಳ, ಸಾಗರ ಪೇಟೆಯಿಂದ ಸ್ವಲ್ಪ ಒಳಗೆ. ಹಿಂದೆ ಕೇಳುತ್ತಿರುವ ಸದ್ದು ಮೈಕ್‌ನ ದೋಷವಲ್ಲ, ಪುನರ್ವಸು ಮಳೆ. ಕೊಡೆ ಹಿಡಿದು ಬಾಗಿ ನಿಂತವರು ನಮ್ಮ ಅಪ್ಪ. ಮಳೆಮಾಪಕದ ನೀರನ್ನು ಅಳೆಯುತ್ತಿದ್ದಾರೆ. 1987ರಿಂದ ದಿನವೂ ಬೆಳಿಗ್ಗೆ ಎಂಟೂವರೆಗೆ ಇದೇ ಕೆಲಸ. ಮೊದಲು ನೋಟುಪುಸ್ತಕದಲ್ಲಿ ಬರೆಯುತ್ತಿದ್ದರು, ಶಾಲೆಯಿಂದ ನಿವೃತ್ತರಾದ ಮೇಲೆ ಅಷ್ಟನ್ನೂ ಕುಳಿತು ಎಕ್ಸೆಲ್‌ಗೆ ಏರಿಸಿದರು.

ಅಂಗಳಕ್ಕೆ ಇಳಿಯುವ ಮೊದಲು ಅವರು ಲ್ಯಾಪ್‌ಟಾಪ್‌ನ ಗುಂಡಿ ಒತ್ತಿರುತ್ತಾರೆ. ಮಳೆ ಅಳೆದು, ಕಾಲು ತೊಳೆದು, ಒಂದು ಲೋಟ ಕಷಾಯ ಕುಡಿದು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತದೆ. "ನಿನ್ನ ಅಪ್ಪ ದಿನಾ ಅದರ ಎದುರು ತಪಸ್ಸಿಗೆ ಕೂರುತ್ತಾರೆ" ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನಕ್ಕಿದ್ದೆ. ಇಲ್ಲಿಗೆ ಬಂದು ಮೊಬೈಲಿನಲ್ಲಿ ಸಮಯ ಹಿಡಿದೆ. ಗುಂಡಿ ಒತ್ತಿದಲ್ಲಿಂದ ಎಕ್ಸೆಲ್ ತೆರೆಯುವವರೆಗೆ ಆರು ನಿಮಿಷ ನಲವತ್ತು ಸೆಕೆಂಡು.

2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದು. ನಾಲ್ಕು ಜಿಬಿ ರ್‍ಯಾಮ್, ಒಂದು ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಪೇಟೆಯ ಅಂಗಡಿಯಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದಾರೆ. ಎರಡು ಸಲವೂ ತಿಂಗಳೊಪ್ಪತ್ತಿನಲ್ಲಿ ಮೊದಲಿನಂತೆಯೇ ಆಯಿತು. ಮೂರನೆಯ ಸಲ ಹೋದಾಗ "ಮಾಸ್ಟರೇ, ಇದರ ಆಯಸ್ಸು ಮುಗಿಯಿತು, ಹೊಸದು ತೆಗೆದುಕೊಳ್ಳಿ" ಎಂದರಂತೆ. ನಿಧಾನವಾದ ಕಂಪ್ಯೂಟರ್‌ಗೆ ನಮ್ಮ ಕಡೆ ಎರಡೇ ಔಷಧ: ಒಂದು ಫಾರ್ಮ್ಯಾಟ್, ಇನ್ನೊಂದು ಹೊಸದು. ರೋಗ ಯಾವುದು ಎಂದು ನೋಡುವವರಿಲ್ಲ.

ನೋಡುವುದಕ್ಕೆ ಅಂಗಡಿಗೇ ಹೋಗಬೇಕೆಂದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರದೆಯನ್ನು ಹತ್ತಿರ ಹಿಡಿಯುತ್ತೇನೆ, ನೋಡಿ. ಪ್ರೊಸೆಸರ್ ಶೇ 30ರ ಆಸುಪಾಸು, ಮೆಮೊರಿ ಎಂದರೆ ರ್‍ಯಾಮ್ ಶೇ 86, ಡಿಸ್ಕ್ ಶೇ 100, ಅದೂ ಕೆಂಪಗೆ. ಈ ನೂರು ಎಂದರೆ ಡಿಸ್ಕ್ ತುಂಬಿದೆ ಎಂದಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದೆ. ಒಂದು ಗಳಿಗೆಯೂ ಬಿಡುವಿಲ್ಲದೆ ಓಡುತ್ತಿದೆ ಎಂದು ಅರ್ಥ. ಆದರೂ ಪಕ್ಕದ ಅಂಕಿಯಲ್ಲಿ ಸೆಕೆಂಡಿಗೆ ಒಂದೂವರೆ ಎಂಬಿಯಷ್ಟೂ ಸಾಗುತ್ತಿಲ್ಲ. ಇಷ್ಟು ಓಡಿ ಇಷ್ಟೇ ಕೆಲಸವೇ?

ಹಾರ್ಡ್ ಡಿಸ್ಕ್ ಒಳಗೆ ನಿಜವಾದ ತಟ್ಟೆ ತಿರುಗುತ್ತದೆ. ಇದರದು ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೇ ಐದೂವರೆ ಮಿಲಿಸೆಕೆಂಡು. ಸೂಜಿ ಆ ಜಾಗಕ್ಕೆ ಸರಿಯಲು ಇನ್ನೊಂದು ಹತ್ತು. ಕೂಡಿಸಿ ಭಾಗಿಸಿದರೆ, ಅಲ್ಲಲ್ಲಿ ಚದುರಿದ ಚೂರುಗಳನ್ನು ಸೆಕೆಂಡಿಗೆ ಅರವತ್ತು ಎಪ್ಪತ್ತರಷ್ಟು ಮಾತ್ರ ಅದು ಎತ್ತಿಕೊಡಬಲ್ಲದು. ವಿಂಡೋಸ್ ಏಳುವಾಗ ಕೇಳುವುದು ಇಂಥ ಸಾವಿರಾರು ಚೂರುಗಳನ್ನೇ. ದೊಡ್ಡ ಸಿನಿಮಾ ಫೈಲ್ ನಕಲಿಸುವಾಗ ಇದೇ ಡಿಸ್ಕ್ ಸೆಕೆಂಡಿಗೆ ನೂರು ಎಂಬಿ ಓಡುತ್ತದೆ, ಏಕೆಂದರೆ ಅಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತದೆ. ಹಾರ್ಡ್ ಡಿಸ್ಕ್ ಬದಲು ಹಾಕುವ ಎಸ್‌ಎಸ್‌ಡಿ ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುತ್ತದೆ, ಅಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಇಂಥ ಚೂರುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಕೊಡುತ್ತದೆ.

ಇದಕ್ಕೆ ರ್‍ಯಾಮ್ ಕೊರತೆಯೂ ಸೇರಿಕೊಳ್ಳುತ್ತದೆ. ಅಮ್ಮನ ಅಡುಗೆಮನೆಯನ್ನೇ ತೆಗೆದುಕೊಳ್ಳಿ. ಕಟ್ಟೆ ರ್‍ಯಾಮ್, ಅಟ್ಟ ಹಾರ್ಡ್ ಡಿಸ್ಕ್. ಕಟ್ಟೆ ತುಂಬಿದಾಗ ಕುಕ್ಕರ್ ಅಟ್ಟಕ್ಕೆ, ಬಾಣಲೆ ಕೆಳಕ್ಕೆ. ಮತ್ತೆ ಕುಕ್ಕರ್ ಬೇಕಾದಾಗ ಬಾಣಲೆ ಮೇಲಕ್ಕೆ. ಅಡುಗೆಗಿಂತ ಏಣಿ ಹತ್ತಿ ಇಳಿಯುವುದೇ ಹೆಚ್ಚು. ನಾಲ್ಕು ಜಿಬಿಯಲ್ಲಿ ವಿಂಡೋಸ್, ಬ್ರೌಸರ್‌ನ ಹದಿನೈದು ಟ್ಯಾಬ್, ಎಕ್ಸೆಲ್ ಮೂರನ್ನೂ ಇಟ್ಟರೆ ಆಗುವುದು ಇದೇ.

ಹಣ ಖರ್ಚು ಮಾಡುವ ಮೊದಲು ಖರ್ಚಿಲ್ಲದ್ದನ್ನು ಮುಗಿಸೋಣ ಎಂದು ಸ್ಟಾರ್ಟಪ್ ಪಟ್ಟಿ ತೆರೆದೆ. ಲ್ಯಾಪ್‌ಟಾಪ್ ಏಳುವಾಗಲೇ ಜೊತೆಗೆ ಏಳುವ ಹದಿನಾಲ್ಕು ತಂತ್ರಾಂಶಗಳು! ಐದು ವರ್ಷದ ಹಿಂದೆ ಗುಜರಿಗೆ ಹೋದ ಪ್ರಿಂಟರ್‌ನ ಸಹಾಯಕ ಈಗಲೂ ದಿನವೂ ಎದ್ದು ಆ ಪ್ರಿಂಟರನ್ನು ಹುಡುಕುತ್ತಿದ್ದಾನೆ. ಅಣ್ಣನ ಮಗ ಬೇಸಿಗೆ ರಜೆಯಲ್ಲಿ ಹಾಕಿಹೋದ ಆಟದ ತಂತ್ರಾಂಶ ಒಂದು. ಆಂಟಿವೈರಸ್ ಎರಡು: ಲ್ಯಾಪ್‌ಟಾಪ್ ಜೊತೆ ಬಂದು ಅವಧಿ ಮುಗಿದದ್ದು, ಅಂಗಡಿಯವರು ಹಾಕಿಕೊಟ್ಟದ್ದು. ಯಾವ ಫೈಲ್ ತೆರೆದರೂ ಇಬ್ಬರೂ ಬಾಗಿಲಲ್ಲಿ ನಿಂತು ತಪಾಸಣೆ ಮಾಡುತ್ತಿದ್ದರು. ಎರಡನ್ನೂ ತೆಗೆದುಹಾಕಿದೆ. ಹಾಗೆ ತೆಗೆದಾಗ ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಕೆಲಸ ಶುರು ಮಾಡುತ್ತದೆ. ಅಪ್ಪನಂಥವರಿಗೆ ಅಷ್ಟು ಸಾಕು. ಉಳಿದವುಗಳನ್ನು ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸಿದೆ. ಅವು ಅಳಿದುಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತವೆ. "ಒಂದೇ ಕ್ಲಿಕ್ಕಿಗೆ ಕಂಪ್ಯೂಟರ್ ಚುರುಕು" ಎನ್ನುವ ತಂತ್ರಾಂಶವೂ ಅಲ್ಲೇ ಕುಳಿತಿತ್ತು. ನನ್ನ ಅನುಭವದಲ್ಲಿ ಇವು ಹೊರೆ ಇಳಿಸುವುದಿಲ್ಲ, ಇವೇ ಒಂದು ಹೊರೆ.

ಇಲ್ಲೊಂದು ತಮಾಷೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ, ಪ್ರೊಸೆಸರ್ ಚಿತ್ರದ ಕೆಳಗೆ, ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಿದೆ ಎಂಬ ಲೆಕ್ಕ ಇರುತ್ತದೆ. ಅಲ್ಲಿ 61 ದಿನ ಎಂದಿತ್ತು. "ನಾನು ದಿನಾ ಸಂಜೆ ಶಟ್‌ಡೌನ್ ಮಾಡಿಯೇ ಏಳುವುದು" ಎಂದು ಅಪ್ಪ ಆಣೆ ಇಟ್ಟರು. ಅವರ ಮಾತೂ ನಿಜ, ಅಂಕಿಯೂ ನಿಜ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಬರೆದಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಹಳೆಯ ಕಗ್ಗಂಟೂ ಜೊತೆಗೇ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಅಪ್ಪನಿಗೆ ವಾರಕ್ಕೊಮ್ಮೆ ರೀಸ್ಟಾರ್ಟ್ ಎಂದು ಹೇಳಿದೆ. ಎಣ್ಣೆಸ್ನಾನದ ಶನಿವಾರಕ್ಕೆ ಗುರುತು ಹಾಕಿಕೊಂಡರು.

ಇಷ್ಟಾದ ಮೇಲೆ ಮತ್ತೆ ಸಮಯ ಹಿಡಿದೆ: ನಾಲ್ಕು ನಿಮಿಷ ಹತ್ತು ಸೆಕೆಂಡು. ಅಪ್ಪನಿಗೆ ಖುಷಿಯಾಯಿತು. ನನಗೆ ಸಾಕಾಗಲಿಲ್ಲ.

ಡಿಸ್ಕ್ ಬದಲಿಸುವುದೇ ಸರಿ ಎಂದು ಸಾಗರಕ್ಕೆ ಹೋಗಿ ಹಳೆಯ ಡಿಸ್ಕ್‌ನ ಜಾಗದಲ್ಲೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಅದನ್ನು ಯುಎಸ್‌ಬಿಗೆ ಜೋಡಿಸುವ ಒಂದು ಪುಟ್ಟ ಡಬ್ಬಿ, ನಾಲ್ಕು ಜಿಬಿಯ ಇನ್ನೊಂದು ರ್‍ಯಾಮ್ ತಂದೆ. ರ್‍ಯಾಮ್ ಕೊಳ್ಳುವಾಗ ಡಿಡಿಆರ್ 3 ಅಥವಾ 4, ಯಾವುದು ಎಂದು ನೋಡಿಕೊಂಡೇ ಹೋಗಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಹಳೆಯ ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಎಸ್‌ಎಸ್‌ಡಿಗೆ ನಕಲಿಸುವ ಮೊದಲು ಮಳೆಯ ಫೈಲನ್ನೂ, ನುಡಿ ತಂತ್ರಾಂಶದಲ್ಲಿ ಅಪ್ಪ ಬರೆದಿಟ್ಟ ಮನೆತನದ ಚರಿತ್ರೆಯನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಹಳೆಯ ಡಿಸ್ಕ್‌ನ ಆರೋಗ್ಯ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶದಲ್ಲಿ ಹಳದಿ ತೋರಿಸುತ್ತಿತ್ತು. ಹಾಳಾದ ಜಾಗಗಳಿಂದ ಮಾಹಿತಿಯನ್ನು ಬೇರೆಡೆಗೆ ಸಾಗಿಸಲು ಶುರುಮಾಡಿದೆ ಎಂಬ ಸೂಚನೆ ಅದು. ಹಳದಿ ಕಂಡ ದಿನ ಬೇರೆ ಯಾವ ರಿಪೇರಿಯೂ ಬೇಡ, ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಿರಿ.

ಡಿಸ್ಕನ್ನು ಇದ್ದಂತೆಯೇ ನಕಲಿಸುವ ಕ್ಲೋನ್‌ಜಿಲ್ಲಾ ತಂತ್ರಾಂಶ ಹಾಕಿ ನಕಲಿಗೆ ಬಿಟ್ಟೆ. ನಕಲು ಅರ್ಧ ದಾಟಿದಾಗ ಗುಡುಗು, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಅದೇ ಕ್ಷಣ ಆರಿತು. ಈ ಕತ್ತಲೆಯ ದೃಶ್ಯದಲ್ಲಿ ಬೈಯುತ್ತಿರುವುದು ನಾನೇ, ಆ ಧ್ವನಿ ತೆಗೆದಿದ್ದೇನೆ. ನಕಲಿಸುವಾಗ ಹಳೆಯ ಡಿಸ್ಕನ್ನು ಓದುವುದಷ್ಟೇ, ಅದರಲ್ಲಿ ಬರೆಯುವುದಿಲ್ಲ. ಹಾಗಾಗಿ ನಷ್ಟವಾಗಲಿಲ್ಲ, ಮತ್ತೆ ಮೊದಲಿನಿಂದ ಕೂರಬೇಕಾಯಿತು ಅಷ್ಟೇ. "ಬ್ಯಾಟರಿ ಸತ್ತು ಎರಡು ವರ್ಷವಾಯಿತು, ಚಾರ್ಜೇ ಹಿಡಿಯುವುದಿಲ್ಲ" ಎಂದರು ಅಪ್ಪ. ಈ ಮಾತನ್ನು ಆಗಲೇ ಹಿಡಿದುಕೊಂಡಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು.

ಮರುದಿನ ಹಿಂಬದಿ ಬಿಚ್ಚಿದೆ. ಇದನ್ನು ಹತ್ತಿರದಿಂದ ನೋಡಿ. ಫ್ಯಾನ್‌ಗೂ ತಾಮ್ರದ ಜಾಲರಿಗೂ ನಡುವೆ ಬೂದುಬಣ್ಣದ ಧೂಳು, ಕತ್ತರಿಸಿದ ಕಂಬಳಿಯ ತುಂಡಿನಂತೆ ಒಂದೇ ಪದರವಾಗಿ ಎದ್ದು ಬಂತು. ಬಿಸಿಗಾಳಿ ಹೊರಹೋಗಬೇಕಾದ ದಾರಿ ಇದು. ದಾರಿ ಕಟ್ಟಿದರೆ ಪ್ರೊಸೆಸರ್ ಬಿಸಿಯೇರುತ್ತದೆ, ಬಿಸಿಯೇರಿದರೆ ಸುಟ್ಟುಹೋಗದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬ್ರಶ್ ಆಡಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಪ್ರೊಸೆಸರ್‌ನ ಬಿಸಿಯನ್ನು ಹೊರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನು ಒರೆಸಿ ಅಕ್ಕಿಕಾಳಿನಷ್ಟು ಹೊಸದು ಹಚ್ಚಿದೆ. ಡಿಸ್ಕ್ ಬದಲಿಸಿದ್ದು ನಾಲ್ಕು ಸ್ಕ್ರೂ, ಐದು ನಿಮಿಷದ ಕೆಲಸ. ಹೇಳಲು ಹೆಚ್ಚೇನೂ ಇಲ್ಲ.

ಗುಂಡಿ ಒತ್ತಿದೆವು. ಐವತ್ತೆರಡು ಸೆಕೆಂಡು! ಅಮ್ಮನೂ ಬಂದು ನೋಡಿದರು. ಆದರೆ ಎಕ್ಸೆಲ್ ತೆರೆದು ಕೆಳಗೆ ಜಾರಿಸಿದರೆ ಪರದೆ ಎಳೆದೆಳೆದು ಸಾಗುತ್ತಿತ್ತು. ಮತ್ತೆ ಟಾಸ್ಕ್ ಮ್ಯಾನೇಜರ್. ಡಿಸ್ಕ್ ಶೇ 2, ಮೆಮೊರಿ ಶೇ 45. ಪ್ರೊಸೆಸರ್ ಮಾತ್ರ ಶೇ 100, ಕೆಳಗೆ ವೇಗ 0.78 ಗಿಗಾಹರ್ಟ್ಸ್. ಈ ಪ್ರೊಸೆಸರ್‌ನ ಮೂಲ ವೇಗವೇ ಎರಡು ಗಿಗಾಹರ್ಟ್ಸ್. ಏನು ಕೆಲಸ ಕೊಟ್ಟರೂ 0.78 ಬಿಟ್ಟು ಮೇಲೇಳುವುದಿಲ್ಲ. ಬಿಸಿಯೂ ಇಲ್ಲ, ಈಗಷ್ಟೇ ಧೂಳು ತೆಗೆದಿದ್ದೇನೆ.

ಆಗ ಚಾರ್ಜರ್ ಕಡೆ ಕಣ್ಣು ಹೋಯಿತು. ಎರಡು ವರ್ಷದ ಹಿಂದೆ ಸಿಡಿಲಿಗೆ ಮೂಲ ಚಾರ್ಜರ್ ಹೋದಾಗ ಅಪ್ಪ ಪೇಟೆಯಲ್ಲಿ ಸಿಕ್ಕಿದ ಇನ್ನೊಂದನ್ನು ತಂದಿದ್ದರು. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ತುದಿಯ ನಡುವೆ ಒಂದು ಸಣ್ಣ ಪಿನ್ ಇರುತ್ತದೆ. ನಾನು ಇಷ್ಟು ವ್ಯಾಟ್‌ನ ಚಾರ್ಜರ್ ಎಂದು ಲ್ಯಾಪ್‌ಟಾಪ್‌ಗೆ ಹೇಳುವುದು ಅದೇ. ಆ ಪರಿಚಯ ಸಿಗದಿದ್ದರೆ ಯಂತ್ರ ಹುಷಾರಾಗಿ ಬ್ಯಾಟರಿ ತುಂಬುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರನ್ನು ತಳವೇಗಕ್ಕೆ ಕಟ್ಟಿಹಾಕುತ್ತದೆ. ನನ್ನ ಲ್ಯಾಪ್‌ಟಾಪ್ ಕೂಡ ಅದೇ ಕಂಪನಿಯದು. ಅದರ ಚಾರ್ಜರ್ ತಂದು ಚುಚ್ಚಿದೆ. ನೋಡುತ್ತಿರುವಂತೆಯೇ 0.78 ಇದ್ದದ್ದು 1.95. ಸತ್ತಿದೆ ಎಂದುಕೊಂಡಿದ್ದ ಬ್ಯಾಟರಿಯೂ ಚಾರ್ಜ್ ಆಗತೊಡಗಿತು. ಎರಡು ವರ್ಷ ಈ ಯಂತ್ರ ಕಾಲಿಗೆ ಹಗ್ಗ ಕಟ್ಟಿಕೊಂಡು ನಡೆದಿದೆ, ನಾವು ಅದನ್ನು ಮುದಿಯಾಯಿತು ಎಂದಿದ್ದೇವೆ. ನನ್ನ ಚಾರ್ಜರ್ ಅಲ್ಲೇ ಬಿಟ್ಟೆ, ನನಗೆ ಹೊಸದು ಕೊಂಡರಾಯಿತು. ಈಗ ಏಳಲು ಇಪ್ಪತ್ತೊಂದು ಸೆಕೆಂಡು.

ಕಮೆಂಟಿನಲ್ಲಿ ಕೇಳುವ ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹೆಚ್ಚುವರಿ ಭದ್ರತಾ ನವೀಕರಣಕ್ಕೆ ನೋಂದಾಯಿಸಿದ್ದೇನೆ, ಅದು ಶಾಶ್ವತವಲ್ಲ ಎಂದು ಗೊತ್ತು. ವಿಂಡೋಸ್ ಬದಲು ಲಿನಕ್ಸ್ ಹಾಕಬಹುದಿತ್ತು. ಅಪ್ಪನ ನುಡಿ ಫೈಲ್‌ಗಳ ಸಲುವಾಗಿ ಸದ್ಯ ಬೇಡ ಎಂದುಕೊಂಡೆ. ಬ್ಯಾಂಕಿನ ವ್ಯವಹಾರ ಮಾತ್ರ ಈ ಯಂತ್ರದಲ್ಲಿ ಬೇಡ ಎಂದು ಹೇಳಿದ್ದೇನೆ.

ಕೊನೆಗೆ ಆ ಮಳೆಯ ಫೈಲ್. ಇಷ್ಟೆಲ್ಲ ಆದರೂ ಒಂದು ಅಂಕಿ ಬರೆದು ಎಂಟರ್ ಒತ್ತಿದರೆ ಎಕ್ಸೆಲ್ ಮೂರು ನಾಲ್ಕು ಸೆಕೆಂಡು ಮೌನವ್ರತ ಹಿಡಿಯುತ್ತಿತ್ತು. ಸುಮಾರು 14,000 ದಿನಗಳ ಮಳೆ, ಆದರೆ ಫೈಲ್‌ನ ಗಾತ್ರ ನೋಡಿದರೆ ಇಪ್ಪತ್ತು ಎಂಬಿಗೆ ಹತ್ತಿರ. ಕಂಟ್ರೋಲ್ ಹಿಡಿದು ಎಂಡ್ ಒತ್ತಿದೆ. ಬಾಣ 10,48,576ನೇ ಸಾಲಿಗೆ ಹೋಗಿ ನಿಂತಿತು. ಎಕ್ಸೆಲ್‌ನ ಹಾಳೆ ಮುಗಿಯುವುದೇ ಅಲ್ಲಿ. ಅಪ್ಪನ ಹಾಳೆಯಲ್ಲಿ ಮಿಲಿಮೀಟರ್‌ಗೆ ಒಂದು ಕಾಲಂ, ತೋಟದವರಿಗಾಗಿ ಇಂಚಿಗೆ ಒಂದು, ಯಾವ ನಕ್ಷತ್ರದ ಮಳೆ ಎಂದು ಬರೆಯಲು ಒಂದು. ಇನ್ನೊಂದರಲ್ಲಿ 1987ರಿಂದ ಈವರೆಗೆ ಬಿದ್ದ ಒಟ್ಟು ಮಳೆ: ನಿನ್ನೆಯ ಮೊತ್ತಕ್ಕೆ ಇಂದಿನದು ಕೂಡಿಸು ಎಂಬ ಸೂತ್ರ. ಆ ಸೂತ್ರವನ್ನು ಹಾಳೆಯ ತಳದವರೆಗೂ ಎಳೆದಿಟ್ಟಿದ್ದರು. ಇಂದಿನ ಅಂಕಿ ಬರೆದರೆ ಮುಂದಿನ ಹತ್ತು ಲಕ್ಷ ಸಾಲುಗಳ ಮೊತ್ತವೂ ಬದಲಾಗಬೇಕು.

"ಇದೇನಪ್ಪ?" ಎಂದೆ. "ಪದೇ ಪದೇ ಎಳೆಯುವುದು ಯಾಕೆಂದು ಮುಂದಿನದಕ್ಕೂ ಹಾಕಿಟ್ಟೆ" ಎಂದರು. ಲೆಕ್ಕ ಹಾಕಿದೆ. ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ವರ್ಷಗಳ ಮಳೆಗೆ ಜಾಗ ಕಾದಿರಿಸಿದ್ದರು.

ಈ ವರ್ಷದ ಡಿಸೆಂಬರ್ ಕೊನೆಯವರೆಗೆ ಬಿಟ್ಟು ಕೆಳಗಿನ ಸಾಲುಗಳನ್ನೆಲ್ಲ ಅಳಿಸಿ ಸೇವ್ ಮಾಡಿದೆ. ಫೈಲ್ ಒಂದು ಎಂಬಿಗಿಂತ ಕೆಳಗಿಳಿಯಿತು. ಅಪ್ಪ ಕನ್ನಡಕ ಏರಿಸಿಕೊಂಡು 63.4 ಎಂದು ಬರೆದರು, ಪಕ್ಕದಲ್ಲಿ ಪುನರ್ವಸು. ಎಂಟರ್ ಒತ್ತಿದ್ದೇ ತಡ, ಮೊತ್ತ ಬಂದಿತ್ತು. ಅವರು ಪರದೆಯನ್ನೇ ನೋಡುತ್ತಾ ಕುಳಿತರು. "ಇಷ್ಟು ಬೇಗ ಕೂಡಿಸಿತೇ? ಸರಿ ಇದೆಯೋ ಇಲ್ಲವೋ" ಎಂದು ಎದ್ದುಹೋಗಿ ಹಳೆಯ ನೋಟುಪುಸ್ತಕ, ಪೆನ್ಸಿಲ್ ತಂದರು. ಇಲ್ಲಿಗೆ ನನ್ನ ಕ್ಯಾಮೆರಾದ ಬ್ಯಾಟರಿ ಮುಗಿಯಿತು, ಕೂಡಿಸುವ ದೃಶ್ಯ ಇಲ್ಲ. ಮೊತ್ತ ಸರಿಯಾಗಿಯೇ ಇತ್ತು.