ಪಚ್ಚಿಲೆ ಚೌಡರ್‌ಗೆ ಮೈದಾ ಏಕೆ?

ನಮಸ್ಕಾರ. ಬಾಸ್ಟನ್ ಬಂದರಿನ ಆಸುಪಾಸಿನ ಪ್ರವಾಸಿ ಹೋಟೆಲುಗಳಲ್ಲಿ ಚೌಡರ್ ಎಂದು, ಮೀನೋ ಚಿಪ್ಪುಮೀನೋ ಹಾಕಿ ಮಾಡುವ ಸೂಪನ್ನು ಬಟ್ಟಲು ತುಂಬಿಸಿ ತಂದಿಡುತ್ತಾರಲ್ಲ, ಎಷ್ಟೋ ಕಡೆ ಅದರಲ್ಲಿ ಚಮಚ ನೆಟ್ಟರೆ ಅಲುಗದೆ ನಿಲ್ಲುತ್ತದೆ. ಅದನ್ನೇ ಹೆಚ್ಚುಗಾರಿಕೆ ಎಂದುಕೊಂಡು ಫೋಟೊ ತೆಗೆದು ಹಾಕುವವರಿದ್ದಾರೆ. ನನ್ನ ಕಣ್ಣಿಗೆ ಅದು ಗೋಡೆಗೆ ಚುನಾವಣಾ ಪೋಸ್ಟರ್ ಅಂಟಿಸುವ ಮೈದಾ ಗೋಂದು. ಬಾಯಿಗಿಟ್ಟರೆ ಮೊದಲು ಹಿಟ್ಟು, ಆಮೇಲೆ ಕೆನೆ, ಚಿಪ್ಪುಮೀನಿನ ರುಚಿ ಅದೃಷ್ಟವಿದ್ದರೆ ಕೊನೆಗೆ.

ಪಚ್ಚಿಲೆ (ಇಂಗ್ಲಿಷಿನಲ್ಲಿ ಮಸೆಲ್ ಎನ್ನುವ ಚಿಪ್ಪುಮೀನು) ಚೌಡರ್ ಅನ್ನು ಮನೆಯಲ್ಲಿ ಮಾಡುವುದಾದರೆ ಮೈದಾ ಬೇಡ, ಮೆಕ್ಕೆಜೋಳದ ಪಿಷ್ಟ ಬೇಡ, ಸೇರುಗಟ್ಟಲೆ ಕೆನೆಯೂ ಬೇಡ. ಪಚ್ಚಿಲೆ ಬಿಡುವ ನೀರಿದೆ, ಆಲೂಗಡ್ಡೆ ಇದೆ. ಬೇಕಾದ ನುಣುಪೆಲ್ಲ ಅವೆರಡರಲ್ಲೇ ಇದೆ. ನನ್ನ ವಾದ ಇಷ್ಟೇ, ಉಳಿದದ್ದು ಅದರ ಸಮರ್ಥನೆ.

ಹಿಟ್ಟು ಹಾಕುವವರು ಮುಂದೊಡ್ಡುವ 'ಸಂಪ್ರದಾಯ' ಎಂಬ ಗುರಾಣಿಯನ್ನು ಮೊದಲು ಕಿತ್ತುಕೊಳ್ಳೋಣ. ಅಮೆರಿಕದಲ್ಲಿ ಅಚ್ಚಾದ ಚೌಡರ್ ಪಾಕವಿಧಾನಗಳಲ್ಲಿ ನಮಗೆ ಸಿಗುವ ಅತಿ ಹಳೆಯದು 1751ರ ಸೆಪ್ಟೆಂಬರ್ 23ರ 'ಬಾಸ್ಟನ್ ಈವ್ನಿಂಗ್ ಪೋಸ್ಟ್' ಪತ್ರಿಕೆಯದು. ಅದೂ ಪದ್ಯರೂಪದಲ್ಲಿ. ತಳಕ್ಕೆ ಈರುಳ್ಳಿ, ಮೇಲೆ ಉಪ್ಪು ಹಚ್ಚಿದ ಹಂದಿಮಾಂಸ, ಅದರ ಮೇಲೆ ಮೀನು, ಆಮೇಲೆ ನೆನೆಸಿದ ಗಟ್ಟಿ ಬಿಸ್ಕತ್ತು, ಹೀಗೆ ಪದರ ಪದರವಾಗಿ ಜೋಡಿಸಿ ಬೇಯಿಸುವುದು. ಅದರಲ್ಲಿ ಹಾಲೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಅವೆರಡೂ ಚೌಡರ್ ಪಾತ್ರೆಯಲ್ಲಿ ನೆಲೆಯೂರಿದ್ದು ಮುಂದಿನ ಶತಮಾನದಲ್ಲಿ. ರೋಡ್ ಐಲೆಂಡಿನವರು ಇಂದಿಗೂ ಹಾಲು ಸೋಕಿಸದ ತಿಳಿಯಾದ ಚೌಡರ್ ಮಾಡುತ್ತಾರೆ. 1939ರಲ್ಲಿ ಮೇನ್ ರಾಜ್ಯದ ಶಾಸಕರೊಬ್ಬರು ಚೌಡರ್‌ಗೆ ಟೊಮೆಟೊ ಹಾಕುವುದನ್ನೇ ಕಾನೂನುಬಾಹಿರವೆಂದು ಸಾರಲು ಮಸೂದೆ ಮಂಡಿಸಿದ್ದರು. ಪಾಪ, ಟೊಮೆಟೊದ ಮೇಲೆ ಅಷ್ಟು ಕಣ್ಣಿಟ್ಟವರು ಹಿಟ್ಟು ಹಿಂಬಾಗಿಲಿನಿಂದ ಒಳಬಂದದ್ದನ್ನು ನೋಡಲೇ ಇಲ್ಲ.

ಇಷ್ಟು ಹೇಳುವಷ್ಟರಲ್ಲಿ ನಿಮ್ಮಲ್ಲಿ ಅರ್ಧ ಜನರ ಹುಬ್ಬು ಮೇಲೇರಿರುತ್ತದೆ. ಮೀನಿಗೆ ಹಾಲೇ? ತೊನ್ನು ಬರುವುದಿಲ್ಲವೇ? ನಮ್ಮ ಮನೆಗಳಲ್ಲಿ ಈ ಮಾತು ಕೇಳದೆ ಬೆಳೆದವರು ಯಾರು! ಚರಕ ಸಂಹಿತೆಯ ವಿರುದ್ಧಾಹಾರದ ಪಟ್ಟಿಯಲ್ಲಿ ಮೀನು–ಹಾಲಿನ ಜೋಡಿ ಇರುವುದು ನಿಜ. ಆದರೆ ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿ ಬೀಳುವುದರಿಂದ. ಊಟದ ತಟ್ಟೆಗೂ ಅದಕ್ಕೂ ನಂಟಿರುವುದಕ್ಕೆ ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ. ಸ್ಕಾಟ್ಲೆಂಡಿನವರು ಹೊಗೆಯಾಡಿಸಿದ ಹ್ಯಾಡಕ್ ಮೀನನ್ನು ಹಾಲು, ಆಲೂಗಡ್ಡೆಯ ಜೊತೆ ಬೇಯಿಸಿ ಕಲನ್ ಸ್ಕಿಂಕ್ ಎಂಬ ಸೂಪು ಮಾಡುತ್ತಾರೆ. ಅಷ್ಟು ದೂರ ಏಕೆ, ಬಂಗಾಳಿಗಳು ಮೊಸರಿನಲ್ಲೇ ಮೀನು ಬೇಯಿಸುತ್ತಾರೆ. ನಂಬಿಕೆಯಿಂದ ತಿನ್ನದವರ ಜೊತೆ ನನಗೆ ಜಗಳವಿಲ್ಲ. ಚಿಪ್ಪುಮೀನಿನ ಅಲರ್ಜಿ ಇರುವವರು ಮಾತ್ರ ಖಂಡಿತ ದೂರವಿರಿ.

ಇನ್ನು ಪಚ್ಚಿಲೆಯೇ ಏಕೆ? ಬಾಸ್ಟನ್ ಚೌಡರ್ ಎಂದರೆ ಸಾಮಾನ್ಯವಾಗಿ ಕ್ಲ್ಯಾಮ್ ಎಂಬ ಇನ್ನೊಂದು ಚಿಪ್ಪುಮೀನಿನದು. ಅದರ ದೊಡ್ಡ ಜಾತಿಗಳು ಸಣ್ಣಗೆ ಕೊಚ್ಚದೆ ಹಲ್ಲಿಗೆ ಬಗ್ಗುವುದಿಲ್ಲ. ಪಚ್ಚಿಲೆ ಹಾಗಲ್ಲ. ಐದು ನಿಮಿಷದಲ್ಲಿ ಬೇಯುತ್ತದೆ, ಮೆತ್ತಗಿರುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಅಲ್ಲಿನ ಅಂಗಡಿಗಳಿಗೆ ಬರುವ ನೀಲಿಗಪ್ಪು ಚಿಪ್ಪಿನ ಪಚ್ಚಿಲೆಯಲ್ಲಿ ಬಹುಪಾಲು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ್ದು, ಕಡಲಿನಲ್ಲಿ ಇಳಿಬಿಟ್ಟ ಹಗ್ಗ ಮತ್ತು ಬಲೆಚೀಲಗಳಲ್ಲಿ ಬೆಳೆಸಿದ್ದು. ನಮ್ಮ ಕರಾವಳಿಯ ಪಚ್ಚಿಲೆ, ಉತ್ತರ ಕನ್ನಡದ ಕಡೆಯವರು ನೀಲಿಕಲ್ಲು ಎನ್ನುವುದು, ಅದರ ಹಸಿರು ಅಂಚಿನ ದಾಯಾದಿ. ಉಡುಪಿ ಜಿಲ್ಲೆಯ ಅಳಿವೆಗಳಲ್ಲಿ ಅದನ್ನೂ ಹಗ್ಗಕ್ಕೆ ಕಟ್ಟಿ ಬೆಳೆಯುತ್ತಾರೆ. ಚೌಡರ್‌ಗೆ ಎರಡೂ ಒಗ್ಗುತ್ತವೆ.

ಎಲ್ಲಿಂದ ಬಂದದ್ದು ಎಂದು ಮಾತ್ರ ಕೇಳದೆ ಕೊಳ್ಳಬೇಡಿ. 1987ರ ಕೊನೆಯಲ್ಲಿ ಅದೇ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಕೆಲವರು ಸತ್ತರು, ಇನ್ನು ಕೆಲವರ ನೆನಪಿನ ಶಕ್ತಿಯೇ ಹೋಯಿತು. ಪಚ್ಚಿಲೆ ಸೋಸಿ ತಿಂದಿದ್ದ ಪಾಚಿಯಲ್ಲಿದ್ದ ಡೊಮೊಯಿಕ್ ಆಮ್ಲ ಅದಕ್ಕೆ ಕಾರಣ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಅಂದಿನಿಂದ ಅಲ್ಲಿ ತಪಾಸಣೆ ಬಿಗಿಯಾಗಿದೆ, ಚೀಲದ ಮೇಲೆ ಎಲ್ಲಿ, ಯಾವಾಗ ತೆಗೆದದ್ದು ಎಂಬ ಚೀಟಿ ಇರುತ್ತದೆ. ಕೇಳಿದರೆ ತೋರಿಸುತ್ತಾರೆ, ಸಂಕೋಚ ಬೇಡ. ಊರಿನಲ್ಲಾದರೆ ಚರಂಡಿ ನೀರು ಸೇರುವ ಕಡೆಯ ಬಂಡೆಗಳಿಂದ ಕಿತ್ತದ್ದನ್ನು ಬಿಟ್ಟುಬಿಡಿ.

ಈಗ ಒಲೆಯ ಹತ್ತಿರ ಬನ್ನಿ. ನಾಲ್ವರಿಗೆ ಒಂದು ಕೆ.ಜಿ. ಪಚ್ಚಿಲೆ, ಚಿಪ್ಪು ಸೇರಿ. ಬೇಯಿಸಿ ಬಿಡಿಸಿದರೆ ಅದರ ಕಾಲು ಭಾಗದಷ್ಟು ಮಾಂಸ ಸಿಗುತ್ತದೆ. ತಣ್ಣೀರಿನ ಕೆಳಗೆ ಉಜ್ಜಿ ತೊಳೆಯಿರಿ. ಸಿಹಿನೀರಿನಲ್ಲಿ ನೆನೆಹಾಕಬೇಡಿ, ಸಾಯುತ್ತವೆ. ಬಾಯಿ ತೆರೆದದ್ದನ್ನು ಬೆರಳಿನಿಂದ ತಟ್ಟಿ. ನಿಧಾನವಾಗಿಯಾದರೂ ಮುಚ್ಚಿಕೊಂಡರೆ ಜೀವವಿದೆ, ಇಲ್ಲದಿದ್ದರೆ ಬಿಸಾಡಿ. ಚಿಪ್ಪಿನ ಸಂದಿನಿಂದ ಇಣುಕುವ ನಾರನ್ನು ಕೀಲಿನ ಕಡೆಗೆ ಎಳೆದು ಕೀಳಿ. ಬೆಂದ ಮೇಲೂ ಬಾಯಿ ತೆರೆಯದದ್ದು ವಿಷ ಎಂಬ ಮಾತನ್ನು ನಾನು ನಂಬುವುದಿಲ್ಲ. ಆಸ್ಟ್ರೇಲಿಯಾದ ಮೀನುಗಾರಿಕಾ ವಿಜ್ಞಾನಿ ನಿಕ್ ರುವೆಲ್ಲೊ ಇದನ್ನು ಪರೀಕ್ಷಿಸಿ, ಅಂಥವೂ ಚೆನ್ನಾಗಿ ಬೆಂದಿರುತ್ತವೆ ಎಂದು ತೋರಿಸಿದ್ದಾರೆ. ಎಚ್ಚರ ವಹಿಸಬೇಕಾದದ್ದು ಬೇಯಿಸುವ ಮೊದಲು.

ಅಗಲ ಪಾತ್ರೆಯಲ್ಲಿ ಒಂದು ಲೋಟ ನೀರು ಕುದಿಸಿ, ಪಚ್ಚಿಲೆ ಸುರಿದು, ಮುಚ್ಚಿಡಿ. ನಾಲ್ಕೈದು ನಿಮಿಷದಲ್ಲಿ ಚಿಪ್ಪುಗಳು ಬಾಯಿಬಿಡುತ್ತವೆ. ಮುಚ್ಚಳ ತೆಗೆದು ಪಾತ್ರೆಯ ತಳ ನೋಡಿ. ಹಾಕಿದ ನೀರಿಗಿಂತ ಹೆಚ್ಚು ನೀರಿದೆ, ಬಣ್ಣ ಮಸುಕು ಬೂದು, ಮೇಲೆ ತೆಳು ನೊರೆ, ಕಡಲಿನದೇ ವಾಸನೆ. ಈ ನೀರನ್ನು ಚೆಲ್ಲಿ, ಆಮೇಲೆ ರುಚಿ ಬರಲಿಲ್ಲವೆಂದು ಅಂಗಡಿಯ ಸ್ಟಾಕ್ ಕ್ಯೂಬ್ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ತಳದ ಮರಳು ಕದಡದಂತೆ ಕೊನೆಯ ಒಂದು ಚಮಚ ಪಾತ್ರೆಯಲ್ಲೇ ಬಿಡಿ. ಮಾಂಸ ಬಿಡಿಸಿಟ್ಟುಕೊಳ್ಳಿ. ಕಿತ್ತಳೆ ಬಣ್ಣದವು ಹೆಣ್ಣು, ಬಿಳಿಚಿಕೊಂಡವು ಗಂಡು, ರುಚಿಯಲ್ಲಿ ನನಗಂತೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಎರಡು ಚಮಚ ಬೆಣ್ಣೆಯಲ್ಲಿ ಒಂದು ಈರುಳ್ಳಿ, ಎರಡು ಸೆಲರಿ ದಂಟು, ಬಣ್ಣ ತಿರುಗದಂತೆ ಬಾಡಿಸಿ. ಸೆಲರಿ ಸಿಗದಿದ್ದರೆ ಬಿಡಿ. ಒಂದು ಬಿರಿಯಾನಿ ಎಲೆ. ಮೂರು ಆಲೂಗಡ್ಡೆಯ ಹೋಳು. ಸೋಸಿದ ನೀರು. ಉಪ್ಪು ಈಗಲೇ ಹಾಕಬೇಡಿ, ಆ ನೀರಿನಲ್ಲೇ ಸಾಕಷ್ಟಿದೆ. ಹೋಳುಗಳು ಪೂರ್ತಿ ಬೆಂದ ಮೇಲೆ ಮೂರನೇ ಒಂದು ಭಾಗವನ್ನು ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ನುರಿಯಿರಿ. ಚೌಡರ್ ಹದಕ್ಕೆ ಬರುವುದು ಇಲ್ಲಿ. ಆಲೂಗಡ್ಡೆಯ ಪಿಷ್ಟ ಸಾರನ್ನು ಮಂದ ಮಾಡುತ್ತದೆ, ಜೊತೆಗೆ ಮುಂದೆ ಸೇರುವ ಹಾಲು ಸುಲಭಕ್ಕೆ ಒಡೆಯದಂತೆಯೂ ತಡೆಯುತ್ತದೆ. ಹಿಟ್ಟಿಗೆ ಇನ್ನು ಕೆಲಸವೇನು ಉಳಿಯಿತು?

ಉರಿ ತಗ್ಗಿಸಿ, ಬಿಸಿ ಮಾಡಿದ ಎರಡು ಲೋಟ ಗಟ್ಟಿ ಹಾಲು, ಕಾಲು ಲೋಟ ಕೆನೆ ಸೇರಿಸಿ. ಅಮೆರಿಕದ ಹೆವಿ ಕ್ರೀಮ್‌ನಲ್ಲಿ ಕೊಬ್ಬು ಶೇ 36ಕ್ಕೆ ಕಡಿಮೆಯಿರುವುದಿಲ್ಲ, ನಮ್ಮ ಅಂಗಡಿಗಳ ಫ್ರೆಶ್ ಕ್ರೀಮ್‌ನಲ್ಲಿ ಸುಮಾರು ಶೇ 25. ಹಾಗಾಗಿ ನಮ್ಮದು ಒಡೆಯುವ ಭಯ ಹೆಚ್ಚು, ಕುದಿಸಲೇಬೇಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡೊಡನೆ ಒಲೆ ಆರಿಸಿ, ಮಾಂಸ ಹಾಕಿ, ಮುಚ್ಚಿ ಅರ್ಧ ಗಂಟೆ ಬಿಡಿ. ಹಾಗೆ ಬಿಟ್ಟಾಗಲೇ ಪಚ್ಚಿಲೆಯ ರುಚಿ ಹಾಲಿಗೆ ಇಳಿಯುವುದು.

'ಸಪ್ಪೆ' ಎನ್ನುವವರಿಗೆ ಒಂದು ಮಾತು. ಆಗತಾನೆ ಕುಟ್ಟಿದ ಕಾಳುಮೆಣಸು ಧಾರಾಳವಾಗಿ ಹಾಕಿ, ನಾನು ಬೇಡವೆನ್ನುವುದಿಲ್ಲ. ಗರಂ ಮಸಾಲೆ ಡಬ್ಬಿ ಮಾತ್ರ ಮುಟ್ಟಬೇಡಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ಹುರಿದು ಮಾಡುವ ಪಚ್ಚಿಲೆ ಸುಕ್ಕ ನನಗೂ ಪ್ರಾಣ. ಅದು ಬೇಕೆನಿಸಿದ ದಿನ ಅದನ್ನೇ ಮಾಡಿ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಫ್ಯೂಷನ್ ಎಂದರೆ ಎರಡಕ್ಕೂ ಅನ್ಯಾಯ.

ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಡಿ. ಫ್ರೀಜರ್ ಬೇಡ, ಅಲ್ಲಿ ಹಾಲೂ ಕೆಡುತ್ತದೆ, ಆಲೂಗಡ್ಡೆಯೂ ಹಿಂಡಿಯಾಗುತ್ತದೆ. ಮರುದಿನ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಅಷ್ಟರಲ್ಲಿ ಅದು ತಾನಾಗಿಯೇ ಇನ್ನಷ್ಟು ಮಂದವಾಗಿರುತ್ತದೆ, ಅರ್ಧ ಲೋಟ ಹಾಲು ಬೆರೆಸಿಕೊಳ್ಳಬೇಕಾದೀತು.